ಸೀಲ್ ಸೋರಿದರೆ ಮೊದಲು ಬ್ರೀದರ್ ನೋಡಿ

ಬಳ್ಳಾರಿಯಲ್ಲಿ ಹಳೇ ಲಾರಿಯ ಡಿಫರೆನ್ಷಿಯಲ್ ಸೋರಿದರೆ ಗುಟ್ಟಾಗಿ ಉಳಿಯುವುದಿಲ್ಲ. ಎಣ್ಣೆ ಜಿನುಗಿದ ಕಡೆಯಲ್ಲೆಲ್ಲ ಅದಿರಿನ ಕೆಂಪು ಧೂಳು ಮೆತ್ತಿಕೊಂಡು, ಕೆರೆದರೆ ಮೇಣದಂತೆ ಬರುವ ಪದರ ಕಟ್ಟುತ್ತದೆ. ಊರೊಳಗಿನ ಪಾರ್ವತಿನಗರದಲ್ಲಿ ಈಗ ಕಾರು, ಬೈಕುಗಳದೇ ಓಡಾಟ. ಆದರೆ ಸಂಡೂರಿನ ಅದಿರು, ಸಿರುಗುಪ್ಪದ ಭತ್ತ ಹೊತ್ತ ಲಾರಿಗಳಿಂದ ಈ ಊರಿನ ಎಷ್ಟೋ ಮನೆಗಳ ಒಲೆ ಉರಿದಿದೆ. ಆ ಲಾರಿಗಳನ್ನು ಕಾಪಾಡಿದ ಮೇಸ್ತ್ರಿಗಳ ವಿದ್ಯೆ ಎಂಥದ್ದೆಂದು ತಿಳಿಯಲು ಈ ಒಂದು ರಿಪೇರಿ ನೋಡಿದರೆ ಸಾಕು.

ಟಾಟಾ ಕಂಪನಿ ಮರ್ಸಿಡಿಸ್-ಬೆಂಜ್ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದ್ದು 1954ರಲ್ಲಿ. ಆ ಒಪ್ಪಂದ 1969ರಲ್ಲಿ ಮುಗಿಯಿತು. ಅಂದಿನ ಗಾಡಿಯಾಗಲಿ ಇಂದಿನದಾಗಲಿ, ಎಂಜಿನ್ನಿನ ಶಕ್ತಿ ಉದ್ದನೆಯ ಶಾಫ್ಟಿನಲ್ಲಿ ಬಂದು ಪಿನಿಯನ್‌ನಿಂದ ಕ್ರೌನ್ ಚಕ್ರಕ್ಕೆ, ಅಲ್ಲಿಂದ ಎರಡೂ ಬದಿಯ ಚಕ್ರಗಳಿಗೆ ಹೋಗಬೇಕು; ಈ ಹಂಚಿಕೆ ನಡೆಯುವುದು ಡಿಫರೆನ್ಷಿಯಲ್‌ನಲ್ಲಿ. ಪಿನಿಯನ್ ಹೊರಗೆ ಬರುವ ಬಾಯಲ್ಲಿ ಎಣ್ಣೆ ತಡೆದು ಕೂತದ್ದೇ ಆಯಿಲ್ ಸೀಲ್.

ಸೀಲ್ ಹಾಳಾಗಿದೆ, ಹೊಸದು ಹಾಕಿ ಎನ್ನುವುದು ಯಾರಿಗಾದರೂ ಬರುತ್ತದೆ. ಬಲ್ಲ ಮೇಸ್ತ್ರಿ ಮೊದಲು ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ಕಿಂಡಿ, ಬಿಚ್ಚುತ್ತಾನೆ. ಓಡುತ್ತ ಓಡುತ್ತ ಎಣ್ಣೆ ಕಾದು, ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ಧೂಳಿನಿಂದ ಮುಚ್ಚಿದ್ದರೆ ಆ ಒತ್ತಡ ಸೀಲಿನ ಮೇಲೇ ಬೀಳುತ್ತದೆ. ಗಣಿ ನಾಡಿನಲ್ಲಿ ಹೊಸ ಸೀಲೂ ಬೇಗ ಸೋರಲು ಇದು ದೊಡ್ಡ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಮೇಲೆ ಪಿನಿಯನ್ ಅಲುಗಾಡಿಸಿ ನೋಡುತ್ತಾನೆ. ಬೇರಿಂಗ್ ಸವೆದಿದ್ದರೆ ಎಂಥ ಸೀಲೂ ನಿಲ್ಲದು.

ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಶಾಫ್ಟ್ ಕಳಚುವ ಮುನ್ನ ಜೋಡಣೆಗೆ ಗುರುತು ಹಾಕಬೇಕು. ಪಿನಿಯನ್ ಬಿಗಿದಿರುವ ನಟ್ಟಿಗೂ ಪಿನಿಯನ್ ತುದಿಗೂ ಪಂಚಿನ ಚುಕ್ಕಿ ಬೀಳಬೇಕು. ವಾಪಸ್ ಬಿಗಿಯುವಾಗ ಆ ಗುರುತಿಗಿಂತ ಹೆಚ್ಚಾದರೆ ಬೇರಿಂಗ್ ಕಾದು ಕೆಡುತ್ತದೆ, ಕಡಿಮೆಯಾದರೆ ಕ್ರೌನ್ ಗುಂಯ್‌ಗುಡುತ್ತದೆ. ಶಾಫ್ಟನ್ನು ಪಿನಿಯನ್‌ಗೆ ಜೋಡಿಸುವ ಫ್ಲ್ಯಾಂಜ್ ಎಳೆದ ಮೇಲೆ ಅದನ್ನು ಉಗುರಿನಿಂದ ಸವರಿ ನೋಡುವುದುಂಟು: ಹಳೇ ಸೀಲ್ ಉಜ್ಜಿದ ಜಾಗದಲ್ಲಿ ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ ಎಂದರ್ಥ. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಸ್ಪ್ರಿಂಗಿರುವ ಬದಿ ಒಳಗಾಗುವಂತೆ, ಸುತ್ತಲೂ ಸಮನಾಗಿ ತಟ್ಟಿ ಕೂರಿಸಬೇಕು. ಒಂದೇ ಕಡೆ ಬಡಿದರೆ ಓರೆಯಾಗಿ ಅಂದೇ ಸೋರುತ್ತದೆ.

ಗೇರ್ ಆಯಿಲ್ ಲೆವೆಲ್ ಪ್ಲಗ್ಗಿನ ಮಟ್ಟಕ್ಕೆ, ಅದಕ್ಕಿಂತ ಹನಿಯೂ ಹೆಚ್ಚಿಲ್ಲ. ನಂತರ ಕುರುಗೋಡಿನವರೆಗೆ ಓಡಿಸಿ, ಆಕ್ಸಲ್ ಬಿಸಿಯಿರುವಾಗಲೇ ಬಟ್ಟೆಯಿಂದ ಒರೆಸಿ ನೋಡಬೇಕು. ಮತ್ತೆ ಒದ್ದೆ ಕಂಡರೆ ಗೀರು ಬಿದ್ದ ಆ ಫ್ಲ್ಯಾಂಜನ್ನೇ ಬದಲಿಸಬೇಕು.