ಡಿಲೀಟ್ ಮಾಡಿದರೆ ಫೈಲ್ ನಿಜವಾಗಿಯೂ ಅಳಿಸಿಹೋಗುತ್ತದೆಯೇ?

ಹಳೆಯ ಕಂಪ್ಯೂಟರ್ ಮಾರುವ ಮುನ್ನ ಫೈಲ್‌ಗಳನ್ನು ಡಿಲೀಟ್ ಮಾಡಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಸಾಕೇ? ಸಾಲದು. ಹಾರ್ಡ್ ಡಿಸ್ಕ್‌ನಲ್ಲಿ ಡಿಲೀಟ್ ಎಂದರೆ ಪುಸ್ತಕದ ಪರಿವಿಡಿ ಹರಿದಂತೆ; ಪುಟಗಳು ಹಾಗೇ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಕೂಡ ಅಷ್ಟೇ. ರಿಕವರಿ ಸಾಫ್ಟ್‌ವೇರ್ ಇದ್ದವರು ನಿಮ್ಮ ಆಧಾರ್ ಪ್ರತಿ, ಮನೆಯವರ ಫೋಟೊ ಹೊರತೆಗೆಯಬಹುದು.

35 ಬಾರಿ ಅಳಿಸಬೇಕು ಎಂಬುದೂ ತಪ್ಪು. ಅದು 1996ರಲ್ಲಿ ಪೀಟರ್ ಗುಟ್‌ಮನ್ ಅಂದಿನ ಡಿಸ್ಕ್‌ಗಳಿಗೆ ಹೇಳಿದ್ದು. ಇಂದಿನ ಹಾರ್ಡ್ ಡಿಸ್ಕ್ ಮೇಲೆ ಒಮ್ಮೆ ಪೂರ್ತಿಯಾಗಿ ಸೊನ್ನೆ ಬರೆದರೆ ಸಾಕು.

ಎಸ್‌ಎಸ್‌ಡಿಯಲ್ಲಿ ಮೇಲೆ ಬರೆದರೂ ಹಳೆಯ ಮಾಹಿತಿ ಬೇರೆಡೆ ಉಳಿಯಬಹುದು. ಅದಕ್ಕೆ ತಯಾರಕ ಕಂಪನಿಯ ಸಾಫ್ಟ್‌ವೇರ್‌ನಲ್ಲಿರುವ ‘ಸೆಕ್ಯೂರ್ ಎರೇಸ್’ ಬಳಸಿ.

ಬೇಕಾದ ಫೈಲ್‌ಗಳನ್ನು ಮೊದಲೇ ಬೇರೆಡೆ ಕಾಪಿ ಮಾಡಿಕೊಳ್ಳಿ. ಸರಿಯಾಗಿ ಅಳಿಸಿದ ಮೇಲೆ ಅವು ನಿಮಗೂ ಸಿಗುವುದಿಲ್ಲ!