ಅಕ್ಕೋರಾಗಲು ಬೇಕಾದ ಎರಡು ವರ್ಷ

ಗೌಳಿವಾಡೆಯ ಮಗುವಿಗೆ ಇಪ್ಪತ್ತೈದು ಬರೆ ಎಂದರೆ ಅದು 52 ಎಂದು ಬರೆಯಬಹುದು. ಅದು ದಡ್ಡತನವಲ್ಲ. ಮನೆಯ ಮರಾಠಿಯಲ್ಲಿ ಇಪ್ಪತ್ತೈದಕ್ಕೆ ‘ಪಂಚವೀಸ್’ ಎನ್ನುತ್ತಾರೆ, ಐದು ಮೊದಲು, ಇಪ್ಪತ್ತು ಆಮೇಲೆ. ಮಗು ಮನಸ್ಸಿನಲ್ಲಿ ಪಂಚವೀಸ್ ಎಂದುಕೊಳ್ಳುತ್ತದೆ, ಕೈ ಅದೇ ಕ್ರಮ ಹಿಡಿಯುತ್ತದೆ. ಅದೇ ಮಾತಾಡಿ ಬೆಳೆದ ಅಕ್ಕೋರಿಗೆ, ಅಂದರೆ ಶಾಲೆಯ ಶಿಕ್ಷಕಿಗೆ, ತಪ್ಪಿನ ಬೇರು ಕಂಡಕೂಡಲೇ ತಿಳಿಯುತ್ತದೆ. ಹತ್ತರ ಎರಡು ಕಟ್ಟು ಕಡ್ಡಿ, ಪಕ್ಕದಲ್ಲಿ ಬಿಡಿ ಐದು ಕಡ್ಡಿ ಇಟ್ಟು, ‘ಬರೆಯುವಾಗ ವೀಸ್ ಮೊದಲು’ ಎಂದು ಮನೆಮಾತಿನಲ್ಲೇ ಹೇಳಿಬಿಟ್ಟರೆ ಆಯಿತು. ಆ ಮಾತು ಗೊತ್ತಿಲ್ಲದವರು ಎಷ್ಟೇ ಪ್ರೀತಿಯಿಂದ ಕಲಿಸಿದರೂ ಮಗುವಿನ ತಲೆಯೊಳಗೆ ಏನಾಯಿತೆಂದು ಊಹಿಸುತ್ತಲೇ ಇರಬೇಕು.

ಉತ್ತರ ಕನ್ನಡದಲ್ಲಿ ಕಾಳಿ ನದಿಯ ದಂಡೆಯ ಮೌಳಂಗಿ ಎಂದರೆ ಪ್ರವಾಸಿಗರಿಗೆ ನೆನಪಾಗುವುದು ಇಕೋ ಪಾರ್ಕ್, ಬಂಡೆಗಳ ನಡುವೆ ಹರಿಯುವ ನೀರು. ಆದರೆ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡಗಳ ಈ ಸೀಮೆಯಲ್ಲಿ ಭಾಷೆಗಳೂ ನದಿಯ ಕವಲುಗಳಂತೆ ಹರಡಿವೆ. ಸಿದ್ದಿಯರದು ಕೊಂಕಣಿಯ ಒಂದು ಬಗೆ, ಕುಣಬಿಗಳದು ಇನ್ನೊಂದು, ಗೌಳಿಗಳದು ಮರಾಠಿ. ಮುಂಡಗೋಡದಲ್ಲಿ ಲಂಬಾಣಿ ತಾಂಡಾಗಳಿವೆ, 1966ರಿಂದ ಟಿಬೆಟಿಯನ್ನರ ವಸತಿಯೂ ಇದೆ. ಈ ಮಕ್ಕಳಲ್ಲಿ ಬಹಳ ಜನರಿಗೆ ಕನ್ನಡ ನಿಜವಾಗಿ ಎದುರಾಗುವುದು ಶಾಲೆಯ ಹೊಸ್ತಿಲಲ್ಲಿ. ಅಲ್ಲಿ ಕೈಹಿಡಿದು ಒಳಗೆ ಕರೆದುಕೊಳ್ಳುವವರು ಅವರ ಕೇರಿಯವರೇ ಆಗಿದ್ದರೆ ಕನ್ನಡಕ್ಕೂ ಲಾಭ ಎಂದು ನಾನು ನಂಬಿದ್ದೇನೆ.

ಕೇರಿಯ ಹುಡುಗಿ ಅಕ್ಕೋರಾಗುವುದು ಹೇಗೆ? ಪಿಯುಸಿ ನಂತರ ಪ್ರಾಥಮಿಕ ಶಿಕ್ಷಣದ ಎರಡು ವರ್ಷದ ಡಿಪ್ಲೊಮಾ, ಡಿ.ಇಎಲ್.ಇಡಿ, ಅಥವಾ ಪದವಿ ಮುಗಿಸಿ ಎರಡು ವರ್ಷದ ಬಿ.ಇಡಿ. ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಿ.ಇಡಿ ಆದವರು ಒಂದರಿಂದ ಐದನೇ ತರಗತಿಗೆ ಕಲಿಸಲು ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಹಾಗಾಗಿ ಕಡ್ಡಿ ಕಟ್ಟಿ ಎಣಿಕೆ ಕಲಿಸುವ ಆ ಸಣ್ಣ ತರಗತಿಗಳಿಗೆ ಈಗ ಬೇಕಿರುವುದು ಡಿ.ಇಎಲ್.ಇಡಿ. ಅದಕ್ಕಾಗಿ ಕಾಡಿನೂರಿನಿಂದ ಧಾರವಾಡಕ್ಕೋ ಕುಮಟೆಗೋ ಹೋಗಿ ಇರಬೇಕು. ಊಟ, ಬಾಡಿಗೆ, ಬಸ್ಸು, ಪಾಠೋಪಕರಣಕ್ಕೆ ಡ್ರಾಯಿಂಗ್ ಶೀಟು. ಶಾಲೆಗೆ ಹೋಗಿ ಪಾಠ ಮಾಡುವ ತಿಂಗಳುಗಳಲ್ಲಿ ಕೂಲಿಗೆ ಹೋಗಲಾಗದು. ವಿದ್ಯಾರ್ಥಿವೇತನದ ಕೆಲಸ ಇರುವುದು ಇಲ್ಲಿ. ಶುಲ್ಕಕ್ಕಿಂತ ಹೆಚ್ಚಾಗಿ, ದುಡಿಯಲಾಗದ ಎರಡು ವರ್ಷವನ್ನು ದಾಟಿಸಬೇಕು.

ಹಿಂದಿನವರಿಗೆ ಇದು ಗೊತ್ತಿತ್ತು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ಕನ್ನಡ ಶಾಲೆಗಳಿಗೆ ಮಾಸ್ತರರನ್ನು ತಯಾರು ಮಾಡಿದ್ದು ಧಾರವಾಡದಲ್ಲಿ ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿದ ಟ್ರೇನಿಂಗ್ ಕಾಲೇಜು. ಹಳ್ಳಿಯ ಹುಡುಗರು ಅಲ್ಲಿ ಸರಕಾರದ ಶಿಷ್ಯವೇತನದ ಮೇಲೆ ಕಲಿತು ಊರೂರಿಗೆ ಹೋದರು. ಆ ಹಣ ಮಾಸ್ತರಿಕೆಗೇ ಮೀಸಲು. ಕಲಿಸುವ ಕೆಲಸಕ್ಕೆ ಬರುತ್ತೀಯಾ, ತಗೋ ಎಂಬ ಹಾಗೆ.

ಇಂದಿನ ನೆರವು ಬರುವುದು ಬೇರೆ ದಾರಿಯಿಂದ. 1944ರಲ್ಲಿ ಪರಿಶಿಷ್ಟ ಜಾತಿಯವರಿಗೆಂದು ಶುರುವಾಗಿ ಆಮೇಲೆ ಪರಿಶಿಷ್ಟ ಪಂಗಡಕ್ಕೂ ವಿಸ್ತರಿಸಿದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೇ ಇದರಲ್ಲಿ ದೊಡ್ಡದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಎಂದು ಆರಂಭವಾದದ್ದು. 2025ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆಗೂಡಿ ರಾಜ್ಯ ಸರಕಾರ ‘ದೀಪಿಕಾ’ ಆರಂಭಿಸಿತು. ಸರಕಾರಿ ಶಾಲೆ, ಕಾಲೇಜಿನಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿ ಮುಗಿಸಿ ಪದವಿ ಇಲ್ಲವೇ ಡಿಪ್ಲೊಮಾ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ. ಇದಕ್ಕೆ ಜಾತಿಯ ಷರತ್ತಿಲ್ಲ.

ಇವೆಲ್ಲ ಒಳ್ಳೆಯವೇ. ಆದರೆ ಇವುಗಳಲ್ಲಿ ಒಂದೂ ಅಕ್ಕೋರಾಗುವವಳಿಗೆಂದೇ ಇಟ್ಟದ್ದಲ್ಲ. ಮುಂಡಗೋಡದ ಟಿಬೆಟಿಯನ್ನರನ್ನು ನೋಡಿ. ನೆಲೆ ಕಳೆದುಕೊಂಡು ಬಂದ ಸಮುದಾಯ ಅದು. ಆದರೂ ಅವರ ನಿರ್ವಾಸಿತ ಆಡಳಿತದ ಶಿಕ್ಷಣ ಇಲಾಖೆ ಶಿಕ್ಷಕ ತರಬೇತಿಗೆ ಹೋಗುವವರಿಗೆ ವಿದ್ಯಾರ್ಥಿವೇತನ ಇಟ್ಟಿದೆ. ಭಾಷೆ ಉಳಿಯಬೇಕಾದರೆ ಮೊದಲು ಯಾರನ್ನು ಓದಿಸಬೇಕೆಂದು ಅವರಿಗೆ ಸ್ಪಷ್ಟವಿದೆ.

ನೆರವಿನ ದಾರಿ ಜಾತಿ ಪ್ರಮಾಣಪತ್ರದಿಂದ ಶುರುವಾದರೆ ಏನಾಗುತ್ತದೆ ಎಂಬುದಕ್ಕೆ ಜೊಯಿಡಾಕ್ಕೆ ಹೋಗಬೇಕು. 2003ರ ಒಂದೇ ಕಾಯಿದೆ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು, ಗೋವಾದ ಕುಣಬಿಗಳನ್ನೂ ಸೇರಿಸಿತು. ಜೊಯಿಡಾದ ಕುಣಬಿಗಳು ಹೊರಗುಳಿದರು. ಸಿದ್ದಿಯರಿಗೆ ಆ ಪಟ್ಟಿಯಿಂದ ಹಾಸ್ಟೆಲ್, ಶುಲ್ಕ, ಮೀಸಲಾತಿಯ ಬಾಗಿಲು ತೆರೆಯಿತು. ಕುಣಬಿಗಳೂ ಗೌಳಿಗಳೂ ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಕೇಳುತ್ತಲೇ ಬಂದಿದ್ದಾರೆ. ಗಡಿಯಾಚೆಯ ಕುಣಬಿ ಹುಡುಗಿಗೆ ಸಿಗುವ ಪಂಗಡದ ವೇತನ ಈಚೆಯವಳಿಗಿಲ್ಲ. ಇಬ್ಬರ ಮನೆಯಲ್ಲೂ ಕೊಂಕಣಿಯೇ.

ಸಿಗುವವರಿಗೂ ಸಲೀಸಲ್ಲ. ನಾಡಕಚೇರಿಯಿಂದ ಜಾತಿ, ಆದಾಯ ಪತ್ರ ತಂದು, ಅದರ ಆರ್‌ಡಿ ಸಂಖ್ಯೆಯನ್ನು ಎಸ್‌ಎಸ್‌ಪಿ ವಿದ್ಯಾರ್ಥಿವೇತನ ತಾಣದಲ್ಲಿ ತುಂಬಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಪತ್ರದಲ್ಲೊಂದು, ಅಂಕಪಟ್ಟಿಯಲ್ಲೊಂದು ಹೆಸರಿದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಊರಿನಲ್ಲಿ ಮೊಬೈಲಿಗೆ ಬರುವ ಒಟಿಪಿಗೂ ಗುಡ್ಡ ಹತ್ತಬೇಕು. ಪಿಯುಸಿ ಫಲಿತಾಂಶಕ್ಕೆ ಕಾಯದೆ, ಪರೀಕ್ಷೆ ಮುಗಿದ ವಾರವೇ ಈ ಕಾಗದಗಳನ್ನು ಕೈಯಲ್ಲಿಟ್ಟುಕೊಂಡವರು ಪ್ರವೇಶದ ಹೊತ್ತಿಗೆ ಪರದಾಡುವುದಿಲ್ಲ. ಊರಿನ ಶಾಲೆಯ ಈಗಿನ ಅಕ್ಕೋರೇ ಆ ವಾರ ಒಂದು ಮಧ್ಯಾಹ್ನ ಕೂರಿಸಿಕೊಂಡು ಹೆಸರಿನ ಅಕ್ಷರ ಅಕ್ಷರ ಹೋಲಿಸಿ ನೋಡಿದರೆ, ಮುಂದಿನ ಅಕ್ಕೋರ ಅರ್ಜಿ ತಿರಸ್ಕೃತವಾಗದೆ ಉಳಿಯುತ್ತದೆ.