ಸ್ಯಾಡಲ್ ಇಳಿಸಿದ್ರೂ ತಂತಿ ಇಳೀತಿಲ್ವಾ?

ಆಂಡರ್ಸನ್‌ಪೇಟೆಯ ನಮ್ಮ ಬ್ಯಾಂಡಿಗೆ ಇರೋದು ಒಂದೇ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್. ಸ್ಯಾಡಲ್ ಪೂರ್ತಿ ಇಳಿಸಿದ್ರೂ ತಂತಿ ಎತ್ತರದಲ್ಲೇ ಇತ್ತು. ಮಾರಿಬಿಡೋಣ ಅನ್ನೋವರೆಗೂ ಮಾತು ಬಂತು. ಟ್ರಸ್ ರಾಡ್ ತಿರುಗಿಸಿ ಪ್ರಯೋಜನವಿಲ್ಲ. ಅದಿರೋದು ನೆಕ್ಕಿನ ಬಾಗು ಸರಿಮಾಡೋಕೆ, ಕೋನಕ್ಕಲ್ಲ.

ಬೋಲ್ಟ್-ಆನ್ ನೆಕ್ಕನ್ನು ಸಾಮಾನ್ಯವಾಗಿ ನಾಲ್ಕು ಸ್ಕ್ರೂಗಳು ಹಿಡಿದಿರುತ್ತವೆ. ನಾವು ತಂತಿ ಸಡಿಲಿಸಿ, ಸ್ಕ್ರೂ ಬಿಚ್ಚಿ, ನೆಕ್ ಕೂರುವ ಪಾಕೆಟ್‌ನಲ್ಲಿ ಬ್ರಿಡ್ಜ್ ಕಡೆಯ ಅಂಚಿಗೆ ವಿಸಿಟಿಂಗ್ ಕಾರ್ಡಿನ ಪಟ್ಟಿ ಇಟ್ಟು ಮತ್ತೆ ಬಿಗಿ ಮಾಡಿದೆವು. ನೆಕ್ ಹಿಂದಕ್ಕೆ ವಾಲಿತು, ತಂತಿ ಫ್ರೆಟ್‌ಗಳ ಹತ್ತಿರ ಬಂತು.

ಅಷ್ಟು ತೆಳು ಪಟ್ಟಿಯಿಂದ ಏನಾಗುತ್ತೆ ಅಂತೀರಾ? ಸಮರೂಪ ತ್ರಿಭುಜಗಳು! ಪಾಕೆಟ್ ಉದ್ದ 75 ಮಿ.ಮೀ., ಅದರ ಇನ್ನೊಂದು ಅಂಚಿನಿಂದ ಬ್ರಿಡ್ಜಿಗೆ 250 ಅಂದ್ಕೊಳ್ಳಿ. ಅರ್ಧ ಮಿ.ಮೀ. ಪಟ್ಟಿ ಬ್ರಿಡ್ಜ್ ಹತ್ರ ಸುಮಾರು 1.7 ಮಿ.ಮೀ. ವ್ಯತ್ಯಾಸ ತರುತ್ತೆ. ಇದಕ್ಕೇ ಅಂತ ಫೆಂಡರ್‌ನವರು 1970ರ ದಶಕದಲ್ಲಿ ಮೈಕ್ರೋ-ಟಿಲ್ಟ್ ಸ್ಕ್ರೂ ತಂದರು. ಈಗ ತಂತಿ ತೀರಾ ಇಳಿದು ಜುಯ್‌ಗುಟ್ಟಿದರೆ, ಸ್ಯಾಡಲ್ ಸ್ವಲ್ಪ ಏರಿಸೋಕೆ ಜಾಗ ಇದೆ.